ಲೋಟ ಎತ್ತುವ ಕೈ ಇರುವಾಗಲೇ

‘ಬ್ಲ್ಯಾಕ್‌ಬರ್ಡ್’ (2019) ನೋಡುವವರು ಸೂಸನ್ ಸರಾಂಡನ್ ಮುಖ ಬಿಟ್ಟು ಸ್ವಲ್ಪ ಹೊತ್ತು ಅವರ ಕೈಗಳ ಮೇಲೆ ಕಣ್ಣಿಡಬೇಕು. ಒಂದು ತೋಳು ಸೋತು ಜೋತುಬಿದ್ದಿದೆ, ಇನ್ನೊಂದರಲ್ಲಿ ಇನ್ನೂ ಹಿಡಿತ ಉಳಿದಿದೆ. ಈ ಸಿನಿಮಾದ ಗಡಿಯಾರ ಇರುವುದು ಆ ಎರಡನೆಯ ಕೈಯಲ್ಲಿ. (ಕಥೆಯ ಗುಟ್ಟುಗಳೆಲ್ಲ ಮುಂದೆ ಬರುತ್ತವೆ. ನೋಡದವರು ನೋಡಿ ಬಂದು ಓದಿ.)

ಸರಾಂಡನ್ ಮಾಡಿದ ಪಾತ್ರ ಲಿಲಿ. ಆಕೆಗೆ ಎ.ಎಲ್.ಎಸ್. ಅಂದರೆ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ಗಂಡ ಪಾಲ್ ಡಾಕ್ಟರು. ದೇಹ ಪೂರ್ತಿ ಕೈಕೊಡುವ ಮೊದಲೇ ತಾನಾಗಿ ಪ್ರಾಣ ಬಿಡುವುದೆಂದು ಆಕೆ ನಿಶ್ಚಯಿಸಿದ್ದಾಳೆ. ಅದಕ್ಕೆ ಮೊದಲು ಒಂದು ವಾರಾಂತ್ಯ ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಮನೆಯವರನ್ನೂ ಹಳೆಯ ಗೆಳತಿ ಲಿಜ್‌ಳನ್ನೂ ಕರೆಸಿಕೊಳ್ಳುತ್ತಾಳೆ. ನೋಡುಗರಿಗೆ ಮೊದಲು ಏಳುವ ಪ್ರಶ್ನೆ, “ಇಷ್ಟು ಚೆನ್ನಾಗಿದ್ದಾಳಲ್ಲ, ಈಗಲೇ ಯಾಕೆ?” ಓಡಾಡುತ್ತಾಳೆ, ವೈನ್ ಕುಡಿಯುತ್ತಾಳೆ, ತಮಾಷೆ ಮಾಡುತ್ತಾಳೆ. ಹಲವರು ಇದನ್ನು ಚಿತ್ರಕಥೆಯ ತಪ್ಪೆಂದುಕೊಂಡರು. ತಪ್ಪಲ್ಲ, ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಬೇರೆಯವರ ಕೈ ಬೇಡ ಎನ್ನುವವಳಿಗೆ ತನ್ನ ಕೈ ಬೇಕು, ನುಂಗುವ ಗಂಟಲೂ ಬೇಕು. ಎ.ಎಲ್.ಎಸ್. ಎರಡನ್ನೂ ಕಿತ್ತುಕೊಳ್ಳುತ್ತದೆ, ಯಾವುದನ್ನು ಮೊದಲು ಅಂತ ಹೇಳಿ ಬರುವುದಿಲ್ಲ. ಹಾಗಾಗಿ ಆಕೆ ಆರಿಸಿಕೊಂಡ ದಿನ ಯಾವತ್ತೂ ನೋಡುವವರಿಗೆ ‘ಬೇಗ’ ಅನಿಸಲೇಬೇಕು.

ಮಕ್ಕಳಲ್ಲಿ ಅಕ್ಕ ಜೆನ್ನಿಫರ್ (ಕೇಟ್ ವಿನ್ಸ್ಲೆಟ್) ಈ ಲೆಕ್ಕ ಒಪ್ಪಿಕೊಂಡು ಬಂದವಳು. ಎಲ್ಲ ಅಚ್ಚುಕಟ್ಟು, ಎಲ್ಲದಕ್ಕೂ ಯೋಜನೆ. ತಂಗಿ ಅನ್ನಾ (ಮಿಯಾ ವಾಸಿಕೋವ್ಸ್ಕಾ) ತಡವಾಗಿ ಬರುತ್ತಾಳೆ, ಜೊತೆಗೆ ಬಿಟ್ಟು ಬಿಟ್ಟು ಕೂಡುವ ಸಂಗಾತಿ ಕ್ರಿಸ್. ಇಂಥ ಹೊತ್ತಿನಲ್ಲಿ ಕ್ರಿಸ್ ಯಾಕೆ ಅಂತ ಅಕ್ಕನಿಗೆ ಸಿಡಿಮಿಡಿ. ಆದರೆ ಇಬ್ಬರ ನಡುವಿನ ನಿಜವಾದ ಅಂತರ ಶಿಸ್ತಿನದಲ್ಲ, ಮಾಹಿತಿಯದು. ಅಕ್ಕನಿಗೆ ಅಮ್ಮನ ಕಾಯಿಲೆ ಗೊತ್ತು, ತಂಗಿಯದು ಗೊತ್ತಿಲ್ಲ. ತಾನೇ ಒಮ್ಮೆ ಸಾವಿನ ಬಾಗಿಲಿಗೆ ಹೋಗಿ ಬಂದದ್ದನ್ನು ಅನ್ನಾ ಮನೆಯವರಿಗೆ ಹೇಳಿಕೊಂಡಿಲ್ಲ. ಅಮ್ಮನನ್ನು ತಡೆಯುವುದಕ್ಕೆ ತುರ್ತು ಸೇವೆಗೆ ಫೋನ್ ಮಾಡುತ್ತೇನೆ ಅಂತ ಅವಳು ಹಟ ಹಿಡಿದಾಗ ಅಕ್ಕನಿಗೆ ಕಾಣುವುದು ಬರೀ ಸ್ವಾರ್ಥ.

ಇದು ಡೆನ್ಮಾರ್ಕಿನ ‘ಸ್ಟಿಲ್ಲೆ ಯೆರ್ಟೆ’ (2014) ಚಿತ್ರದ ಮರುನಿರ್ಮಾಣ. ಎರಡಕ್ಕೂ ಚಿತ್ರಕಥೆ ಬರೆದವರು ಕ್ರಿಶ್ಚಿಯನ್ ಟಾರ್ಪ್ ಒಬ್ಬರೇ. ಮೂಲದ ನಿರ್ದೇಶಕ ಬಿಲ್ಲೆ ಆಗಸ್ಟ್, ಮರುನಿರ್ಮಾಣದ್ದು ರೋಜರ್ ಮಿಷೆಲ್. ಅಮೆರಿಕದ ಮನೆ ಎಂದು ತೋರಿಸಿದ ಕಡಲತಡಿ ನಿಜವಾಗಿ ಇಂಗ್ಲೆಂಡಿನ ಸಸೆಕ್ಸ್‌ನದು. ಡ್ಯಾನಿಶ್ ಚಿತ್ರದಲ್ಲಿ ಅಕ್ಕನ ಪಾತ್ರ ಮಾಡಿದ ಪಾಪ್ರಿಕಾ ಸ್ಟೀನ್‌ಗೆ ಸ್ಯಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಎರಡರಲ್ಲಿ ಒಂದನ್ನೇ ನೋಡುವುದಾದರೆ ಡ್ಯಾನಿಶ್ ನೋಡಿ. ಅಲ್ಲಿ ಎಲ್ಲರೂ ಇಷ್ಟು ಚಂದ ಮಾತಾಡುವುದಿಲ್ಲ.

ಎರಡರಲ್ಲೂ ಎಡವುವ ಜಾಗ ಒಂದೇ. ಅಪ್ಪನಿಗೂ ಅಮ್ಮನ ಗೆಳತಿಗೂ ಏನೋ ಇದೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ, ಅಮ್ಮನನ್ನು ಇವರೇ ಸಾಗಹಾಕುತ್ತಿದ್ದಾರಾ ಎಂಬ ಸಂಶಯ ಹುಟ್ಟುತ್ತದೆ. ಕೊನೆಗೆ ನೋಡಿದರೆ ಅದನ್ನು ಜೋಡಿಸಿದವಳೇ ಅಮ್ಮ. ಸಂಶಯ ಬಗೆಹರಿದದ್ದೇ ತಡ, ಆಕ್ಷೇಪವೂ ಬಗೆಹರಿಯಿತು ಅಂತ ಚಿತ್ರ ಮುಂದೆ ಸಾಗುತ್ತದೆ. ಆದರೆ “ನನಗೆ ಇನ್ನೂ ಆಗ್ತಿಲ್ಲ, ಇನ್ನಷ್ಟು ದಿನ ಇರು” ಎನ್ನುವ ಮಗಳಿಗೆ ಅದು ಉತ್ತರವಲ್ಲ. ಅವಳ ಪ್ರಶ್ನೆಯ ಮೇಲೆ ಪತ್ತೇದಾರಿಯ ಚಾದರ ಹೊದಿಸಿದ ಹಾಗಾಯಿತು.

ಆ ಇನ್ನಷ್ಟು ದಿನ ಹೇಗಿರುತ್ತಿತ್ತು ಅನ್ನುವುದನ್ನು ಚಿತ್ರ ತೋರಿಸುವುದೇ ಇಲ್ಲ. ಎ.ಎಲ್.ಎಸ್. ಬಂದ ಬಹುಪಾಲು ಜನ ಲಕ್ಷಣ ಶುರುವಾದ ಮೇಲೆ 2ರಿಂದ 5 ವರ್ಷ ಬದುಕುತ್ತಾರೆ. ರಿಲುಜೋಲ್ ಮಾತ್ರೆ ಅದಕ್ಕೆ ಕೆಲವು ತಿಂಗಳು ಸೇರಿಸಬಹುದು. ಮನೆಯಲ್ಲಿ ಮೊದಲು ತೊಂದರೆ ಕೊಡುವುದು ಗಟ್ಟಿ ಊಟ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ಬರೀ ನೀರು. ತೆಳುವಾದದ್ದು ಗಂಟಲಲ್ಲಿ ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ, ಕೆಮ್ಮಿ ಹೊರಹಾಕುವ ಶಕ್ತಿಯೂ ಇರುವುದಿಲ್ಲ, ನ್ಯುಮೋನಿಯಾ ಆಗುತ್ತದೆ. ಉದುರುದುರು ಅನ್ನ, ಒಣ ಅವಲಕ್ಕಿಯೂ ಕಷ್ಟ. ಎಷ್ಟು ಗಟ್ಟಿ ಇರಬೇಕೆಂದು ನುಂಗುವಿಕೆ ಪರೀಕ್ಷೆ ಮಾಡಿದ ತಜ್ಞರು ಹೇಳುತ್ತಾರೆ, ಸಾಮಾನ್ಯವಾಗಿ ಒಂದೇ ಹದದ ಮೆತ್ತನೆ ಗಂಜಿ ಸುಲಭ. ನೆಟ್ಟಗೆ ಕೂರಿಸಿ, ಚಿಕ್ಕ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಊಟವೊಂದಕ್ಕೇ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿದೀತು. ಆಹಾರ ಕೊಡಲು ಹೊಟ್ಟೆಗೆ ನೇರವಾಗಿ ಇಡುವ ಪೆಗ್ ಟ್ಯೂಬನ್ನು ‘ಪೂರ್ತಿ ಆಗದಿದ್ದಾಗ ನೋಡೋಣ’ ಅಂತ ಮುಂದೂಡುವುದು ದೊಡ್ಡ ತಪ್ಪು. ಉಸಿರಿನ ಎಫ್‌ವಿಸಿ ಅಳತೆ (ಪೂರ್ತಿ ಉಸಿರೆಳೆದು ಜೋರಾಗಿ ಬಿಟ್ಟಾಗ ಹೊರಬರುವ ಗಾಳಿ) ಇರಬೇಕಾದ್ದರ 50%ಕ್ಕಿಂತ ಕೆಳಗೆ ಇಳಿಯುವ ಮೊದಲೇ ಹಾಕಿಸಿದರೆ ಅಪಾಯ ಕಮ್ಮಿ. ಬೆಳಗ್ಗೆ ತಲೆನೋವು, ಮಲಗಿದರೆ ಉಸಿರು ಕಟ್ಟುವುದು ಶುರುವಾದರೆ ರಾತ್ರಿಗೆ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರದ ಮಾಸ್ಕಿನ ಮಾತೆತ್ತುವ ಕಾಲ ಬಂತೆಂದೇ ಅರ್ಥ. ಇದನ್ನೆಲ್ಲ ಮಾಡುವವರು ಯಾರು, ಯಾವ ಪಾಳಿಯಲ್ಲಿ? ಅಕ್ಕತಂಗಿಯರ ಅಸಲು ಜಗಳ ಇಲ್ಲಿರುತ್ತದೆ. ಚಿತ್ರ ಅದನ್ನು ಎರಡೇ ದಿನಕ್ಕೆ ಮಡಚಿ ತಪ್ಪಿಸಿಕೊಂಡಿದೆ.

ಕರ್ನಾಟಕದಲ್ಲಿ ಈ ಚಿತ್ರ ನೋಡುವವರಿಗೆ ಇನ್ನೊಂದು ಗೊಂದಲ. 2025ರ ಜನವರಿ 30ರಂದು ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿದಾಗ ‘ಘನತೆಯಿಂದ ಸಾಯುವ ಹಕ್ಕು’ ಎಂದು ಸುದ್ದಿಯಾಯಿತು. ಲಿಲಿ ಮಾಡಿದ್ದು ಅದರೊಳಗೆ ಬರುವುದಿಲ್ಲ. ಇಲ್ಲಿ ಪಾಲ್ ಹಾಗೆ ಸಾಯಲು ನೆರವಾದರೆ ಅದು ಅಪರಾಧ. ಸುಪ್ರೀಂ ಕೋರ್ಟಿನ 2018ರ ತೀರ್ಪು ಮತ್ತು 2023ರ ತಿದ್ದುಪಡಿ ಒಪ್ಪಿರುವುದು ಗುಣವಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರಿನಂಥ ಜೀವರಕ್ಷಕ ಚಿಕಿತ್ಸೆಯನ್ನು ಹಾಕದಿರುವುದನ್ನು ಅಥವಾ ತೆಗೆಯುವುದನ್ನು ಮಾತ್ರ. ಆಸ್ಪತ್ರೆಯ ಎರಡು ವೈದ್ಯಕೀಯ ಮಂಡಳಿಗಳು ಅದನ್ನು ಒಪ್ಪಬೇಕು, ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ತನಗೆ ಏನು ಬೇಡ ಎಂಬುದನ್ನು ರೋಗಿ ಮುಂಚೆಯೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಒಂದು ಪ್ರತಿ ಮನೆ ಡಾಕ್ಟರ ಬಳಿ. ಎ.ಎಲ್.ಎಸ್.ನಲ್ಲಿ ಬುದ್ಧಿ ಹಲವರಲ್ಲಿ ಚುರುಕಾಗೇ ಇದ್ದು ಸಹಿಯ ಕೈ ಮೊದಲೇ ಹೋಗಬಹುದಾದ್ದರಿಂದ ರೋಗ ಗೊತ್ತಾದ ಮೊದಲ ತಿಂಗಳುಗಳಲ್ಲೇ ಇದನ್ನು ಮುಗಿಸುವುದು ಲೇಸು. ತನ್ನ ಪರವಾಗಿ ತೀರ್ಮಾನ ಹೇಳುವವರು ಯಾರೆಂದೂ ಅದರಲ್ಲಿ ಹೆಸರಿಸಬೇಕು. 2023ರ ನಂತರ ಒಬ್ಬರಿಗಿಂತ ಹೆಚ್ಚು ಹೆಸರು ಹಾಕಬಹುದು, ಹಾಕಿ. ಜೆನ್ನಿಫರ್ ಹೆಸರೊಂದನ್ನೇ ಬರೆದಿಟ್ಟರೆ ಅನ್ನಾಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ.