ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದ ರೈಲು

ಟೋಕಿಯೋಗೆ ಬಂದ ಮೊದಲ ಶನಿವಾರವೇ ಗೊತ್ತಿಲ್ಲದೆ ಪಕ್ಕದ ಪ್ರಾಂತ್ಯಕ್ಕೆ ಹೋಗಿಬಿಟ್ಟೆ. ಮಧ್ಯಾಹ್ನ ಒತೆಮಾಚಿಯಲ್ಲಿ ಮೆಟ್ರೋದ ತೋಝಾಯ್ ಲೈನಿನ ರೈಲು ಹತ್ತಿದೆ. ಸೀಟು ಸಿಕ್ಕಿತಲ್ಲ ಅಂತ ಖುಷಿ. ತೋಯೋಚೋ ದಾಟಿ ಸ್ವಲ್ಪ ಹೊತ್ತಿಗೆ ರೈಲು ನೆಲದಡಿಯಿಂದ ಮೇಲೆದ್ದು, ಅಗಲವಾದ ಅರಕವಾ ನದಿ ದಾಟಿ, ನಾನಿಳಿಯಬೇಕಿದ್ದ ನಿಶಿ-ಕಸಾಯ್ ಬೋರ್ಡನ್ನು ಓದಲೂ ಬಿಡದೆ ಓಡಿತು. ನಿಂತಿದ್ದು ಉರಯಾಸುವಿನಲ್ಲಿ, ಅಂದರೆ ಚಿಬಾ ಪ್ರಾಂತ್ಯದಲ್ಲಿ. ನಾನು ಹತ್ತಿದ್ದು 'ಕಾಯ್ಸೊಕು', ಫಾಸ್ಟ್ ರೈಲು. ತೋಯೋಚೋ ಬಿಟ್ಟರೆ ಅದಕ್ಕೆ ಉರಯಾಸುವೇ ಗತಿ. ಎದುರು ಪ್ಲಾಟ್‌ಫಾರ್ಮಿಗೆ ಹೋಗಿ, ಎಲ್ಲಾ ಕಡೆ ನಿಲ್ಲುವ ರೈಲು ಹಿಡಿದು ವಾಪಸ್ ಬಂದೆ.

ತೋಝಾಯ್ ಅಂದರೆ ಪೂರ್ವ-ಪಶ್ಚಿಮ. ನಮ್ಮ ಪರ್ಪಲ್ ಲೈನ್ ಬೆಂಗಳೂರನ್ನು ಅಡ್ಡಡ್ಡ ಸೀಳಿದ ಹಾಗೆಯೇ ಇದೂ. ನಕಾನೋದಿಂದ ನಿಶಿ-ಫುನಬಾಶಿವರೆಗೆ 30.8 ಕಿಲೋಮೀಟರ್, 23 ಸ್ಟೇಷನ್. ಎಷ್ಟೋ ರೈಲುಗಳು ಅಲ್ಲಿಗೂ ಮುಗಿಯುವುದಿಲ್ಲ, ಬೇರೆ ಕಂಪನಿಯ ಹಳಿಯ ಮೇಲೆ ಹಾಗೇ ಮುಂದುವರಿಯುತ್ತವೆ. ಪಶ್ಚಿಮಕ್ಕೆ ಮಿತಾಕಾ ತನಕ ಕೂತ ಸೀಟು ಬಿಟ್ಟೇಳದೆ ಹೋಗಬಹುದು. ನಿಶಿ-ಕಸಾಯ್‌ನಲ್ಲಿ ಭಾರತೀಯರು ಇಷ್ಟೊಂದು ನೆಲೆಸಿರುವುದಕ್ಕೂ ಈ ಲೈನೇ ಒಂದು ಕಾರಣ: ಬ್ಯಾಂಕುಗಳ ಕೇರಿ ಒತೆಮಾಚಿಗೆ ಎಲ್ಲೂ ಬದಲಿಸದೆ ಕಾಲು ಗಂಟೆ.

ಆ ಕಾಲು ಗಂಟೆ ಬೆಳಿಗ್ಗೆ ಎಂಟಕ್ಕೆ ಹೇಗಿರುತ್ತದೆ ಅಂತ ಮಾತ್ರ ಕೇಳಬೇಡಿ. 2019ರಲ್ಲಿ ಇದೇ ಲೈನಿನ ಕಿಬಾ ಮತ್ತು ಮೊಂಝೆನ್-ನಕಚೋ ಸ್ಟೇಷನ್ನುಗಳ ನಡುವಿನ ದಟ್ಟಣೆ ಶೇಕಡಾ 199, ಅಂದರೆ ರೈಲಿನ ಸಾಮರ್ಥ್ಯದ ಹೆಚ್ಚುಕಡಿಮೆ ಎರಡರಷ್ಟು ಜನ. ಇಲ್ಲಿನ ಸರ್ಕಾರ ಶೇಕಡಾ 200ಕ್ಕೆ ಆಗ ಕೊಡುತ್ತಿದ್ದ ವಿವರಣೆ ನನಗೆ ಬಲು ಇಷ್ಟ: ಮೈಗೆ ಮೈ ಒತ್ತುತ್ತದೆ, ಆದರೂ ವಾರಪತ್ರಿಕೆ ಹೇಗೋ ಓದಬಹುದು! ಹತ್ತಿ ಇಳಿಯಲು ಸಲೀಸಾಗಲಿ ಅಂತ ಈ ಲೈನಿನ ಎಷ್ಟೋ ಬೋಗಿಗಳ ಬಾಗಿಲನ್ನೇ 1.8 ಮೀಟರ್ ಅಗಲ ಮಾಡಿದ್ದಾರೆ.

ಒತೆಮಾಚಿಯಲ್ಲಿ ಐದು ಲೈನು ಸೇರುತ್ತವೆ. ಸೇರುತ್ತವೆ ಅನ್ನುವುದು ಮ್ಯಾಪಿನ ಮಾತು. ಒಂದರಿಂದ ಇನ್ನೊಂದಕ್ಕೆ ಸುರಂಗದೊಳಗೆ ನಡೆದು ನಡೆದು ನನಗೆ ಮೆಜೆಸ್ಟಿಕ್ಕೇ ಚಿಕ್ಕದು ಅನ್ನಿಸಿತು. ಹಾಗಾಗಿ ಇಲ್ಲಿ ಎಲ್ಲರೂ ಹತ್ತುವಾಗಲೇ ಇಳಿಯುವ ಲೆಕ್ಕ ಹಾಕಿರುತ್ತಾರೆ. ಹತ್ತು ಬೋಗಿಗಳಲ್ಲಿ ಯಾವುದರ ಬಾಗಿಲು ಯಾವ ಸ್ಟೇಷನ್ನಿನ ಮೆಟ್ಟಿಲ ಮುಂದೆ ತೆರೆದುಕೊಳ್ಳುತ್ತದೆ ಅಂತ ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲೇ ಬರೆದಿರುತ್ತದೆ. ನಾನದನ್ನು ಗಮನಿಸಿದ್ದು ಎರಡು ತಿಂಗಳಾದ ಮೇಲೆ. ಅಲ್ಲಿಯವರೆಗೆ, ದಿನಾ ಅದೇ ಜಾಗದಲ್ಲಿ ಅದೇ ಮುಖಗಳು ಯಾಕೆ ಸಾಲು ನಿಲ್ಲುತ್ತವೆ ಅಂತ ಅಚ್ಚರಿಪಡುತ್ತಿದ್ದೆ.

ಈಗ ನನಗೂ ಒಂದು ಬಾಗಿಲಿದೆ. ಇಳಿದರೆ ನೇರ ಎಸ್ಕಲೇಟರ್. ಎಷ್ಟನೇ ಬೋಗಿ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ನಾಳೆ ನಿಶಿ-ಕಸಾಯ್‌ಗೆ ಬಂದರೆ ನನಗೆ ಕಾಲಿಡಲೂ ಜಾಗ ಇರುವುದಿಲ್ಲ.