ಸಂಡೂರಿನ ಹಳ್ಳದ ದಂಡೆಯಲ್ಲಿ ಲಿವರ್‌ವರ್ಟ್ ಹುಡುಕುತ್ತಾ

ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಎಂದು ಗಾಂಧೀಜಿ ಹೇಳಿದ್ದರಂತೆ. 1934ರಲ್ಲಿ ಅವರು ಇಲ್ಲಿಗೆ ಬಂದಿದ್ದು ಮರೆತವರಿಗೂ ಈ ಮಾತು ಮಾತ್ರ ಬಾಯಿಪಾಠ. ಅದನ್ನು ನಂಬಿ ಬಂದವರು ತಲೆ ಎತ್ತಿ ಬೆಟ್ಟ, ಮೋಡ ನೋಡುತ್ತಾರೆ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನಾನೂ ನನ್ನ ಗೆಳೆಯನೂ ಹೊರಟಿದ್ದು ನೆಲ ನೋಡಲು, ಒದ್ದೆ ನೆಲಕ್ಕೆ ಪಾಚಿಯಂತೆ ಅಂಟಿಕೊಂಡು ಬೆಳೆಯುವ ಲಿವರ್‌ವರ್ಟ್ ಎಂಬ ಪುಟ್ಟ ಗಿಡ ಹುಡುಕಲು.

ತೋರಣಗಲ್ಲು ದಾಟುವತನಕ ಬಳ್ಳಾರಿಯ ಬಿಸಿಲು ಬಿಸಿಲೇ. ಅದಿರು ಲಾರಿಗಳ ಸಾಲು. ಮುಖ ಒರೆಸಿದರೆ ಕರ್ಚೀಫೂ ಕೆಂಪು. ನಾರಿಹಳ್ಳ ಬೆಟ್ಟದ ಸಾಲನ್ನು ಅಡ್ಡ ಸೀಳಿಕೊಂಡು ಹರಿಯುವ ಗಂಡಿ ಹತ್ತಿರ ಬಂದಾಗ ಗಾಳಿ ಬದಲಾಗುತ್ತದೆ. ಗಂಡಿ ನರಸಿಂಹಸ್ವಾಮಿಗೆ ಕೈಮುಗಿದು ಹಳ್ಳಕ್ಕೆ ಇಳಿದೆವು.

ಬಿಸಿಲು ತಾಗದ ಬದಿಯ ಬಂಡೆಯ ಬುಡದಲ್ಲಿ, ನೀರು ಜಿನುಗುವ ಮಣ್ಣಿಗೆ ಅಂಟಿಕೊಂಡಿತ್ತು ಮಾರ್ಕಾಂಶಿಯ ಎಂಬ ಲಿವರ್‌ವರ್ಟ್. ಕಾಂಡವಿಲ್ಲ, ಎಲೆಯಿಲ್ಲ, ಬೇರೂ ಇಲ್ಲ. ಚಪ್ಪಟೆ ಹಸಿರು ಪಟ್ಟಿ, ತುದಿಯಲ್ಲಿ ಮತ್ತೆ ಮತ್ತೆ ಎರಡಾಗಿ ಕವಲೊಡೆಯುತ್ತದೆ. ಲೆನ್ಸ್ ಹಿಡಿದರೆ ಮೈತುಂಬ ಸಣ್ಣ ಸಣ್ಣ ಮನೆಗಳು, ಪ್ರತಿ ಮನೆಯ ನಡುವೆ ಒಂದು ಚುಕ್ಕೆ. ಆ ಚುಕ್ಕೆಯೇ ಗಾಳಿಯಾಡುವ ರಂಧ್ರ. ಅಲ್ಲಲ್ಲಿ ಅಂಚು ಹಲ್ಲುಹಲ್ಲಾದ ಪುಟ್ಟ ಬಟ್ಟಲುಗಳು, ಒಳಗೆ ಹಸಿರು ಬಿಲ್ಲೆಗಳು. ಬಟ್ಟಲಿಗೆ ಮಳೆಹನಿ ಬಿದ್ದರೆ ಬಿಲ್ಲೆಗಳು ಸಿಡಿದು ಆಚೆ ಬೀಳುತ್ತವೆ, ಬಿದ್ದಲ್ಲೇ ಹೊಸ ಗಿಡ. ಯಾವ ಮಗ್ಗುಲಾಗಿ ಬಿದ್ದರೂ ಚಿಂತೆಯಿಲ್ಲ. ನೆಲಕ್ಕೆ ತಾಗಿದ ಬದಿಯಿಂದಲೇ ಕೂದಲಿನಂಥ ಎಳೆಗಳು ಹೊರಟು ಮಣ್ಣು ಹಿಡಿಯುತ್ತವೆ. ಹೀಗೆ ಹುಟ್ಟುವುದಕ್ಕೆ ಗಂಡು ಹೆಣ್ಣಿನ ಹಂಗಿಲ್ಲ. ಬೀಜಕಣದಿಂದ ಹುಟ್ಟುವ ದಾರಿ ಬೇರೆ. ಗಂಡು ಗಿಡದ ವೀರ್ಯಾಣು ನೀರಿನ ತೆಳುಪದರದಲ್ಲಿ ಈಜಿಕೊಂಡೇ ಹೆಣ್ಣು ಗಿಡ ಸೇರಬೇಕು. ಹಳ್ಳದ ದಂಡೆ ಬಿಟ್ಟು ಇದು ಕದಲದಿರುವುದಕ್ಕೆ ಅದೂ ಒಂದು ಕಾರಣ.

ಮೊಣಕಾಲೂರಿ ಕೂತಿದ್ದ ನಮ್ಮನ್ನು ನೋಡಿ ಕುರಿ ಹೊಡೆದುಕೊಂಡು ಬಂದ ಅಜ್ಜ ನಿಂತ.

“ಏನ್ ಕಳಕೊಂಡ್ರಿ ಸಾರ್?”

“ಏನಿಲ್ಲ ಅಜ್ಜ, ಈ ಗಿಡ ನೋಡ್ತಿದ್ವಿ.”

“ಅದು ಪಾಚಿ ಐತಿ. ಹುಷಾರು, ಕಾಲಿಟ್ರ ಜಾರ್ತೀರಿ.”

ಅಜ್ಜನ ಎಚ್ಚರಿಕೆ ಸರಿಯೇ. ಆದರೆ ಪಾಚಿ ಅಂತ ತಳ್ಳಿಹಾಕುವ ಈ ಗುಂಪಿನಲ್ಲಿ ಪ್ರಪಂಚದಾದ್ಯಂತ ಸುಮಾರು 7,000 ಜಾತಿಗಳಿವೆ. ಲಾಹೋರಿನಲ್ಲಿ ಪಾಠ ಹೇಳುತ್ತಿದ್ದ ಸಸ್ಯವಿಜ್ಞಾನಿ ಶಿವರಾಮ ಕಶ್ಯಪರು ಹಿಮಾಲಯದ ಲಿವರ್‌ವರ್ಟ್‌ಗಳ ಬೆನ್ನುಹತ್ತಿ ಬದುಕು ಸವೆಸಿದರು. ನಮ್ಮ ಘಟ್ಟದ ಹಳ್ಳಗಳಲ್ಲಿ ಡ್ಯುಮಾರ್ಟಿಯೆರಾ ಅನ್ನುವುದಿದೆ, ಕಡುಹಸಿರು, ತೆಳ್ಳಗೆ. ಬಲಿತ ಮೇಲೆ ಅದರ ಮೈಮೇಲೆ ಗಾಳಿರಂಧ್ರಗಳೇ ಉಳಿಯುವುದಿಲ್ಲ. ಸದಾ ನೆನೆದಿರುವ ನೆರಳಿಲ್ಲದೆ ಅದು ಬಾಳದು. ಅದನ್ನು ಇಲ್ಲಿ ಹುಡುಕುವ ಆಸೆ ನನಗಿರಲಿಲ್ಲ.

ರಸ್ತೆಗೆ ಹತ್ತಿರದ ದಂಡೆಯಲ್ಲಿ ಮಾರ್ಕಾಂಶಿಯದ ಮೇಲೆ ಕೆಂಪು ಧೂಳಿನ ಪದರ. ಬೇರಿಲ್ಲದ ಗಿಡ ನೀರನ್ನು ಮೈಯಿಂದಲೇ ಹೀರುತ್ತದೆ, ನೀರಿನ ಜೊತೆ ಏನು ಬಂದರೂ ಅದಕ್ಕೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳಿಗೆ ತಡೆ ಹಾಕಿತ್ತು, ಆಮೇಲೆ ಷರತ್ತಿನ ಮೇಲೆ ಮತ್ತೆ ಶುರುವಾದವು. ಗಣಿಗೆ ಅನುಮತಿ ಕೊಡುವಾಗ ಮರ ಎಣಿಸುತ್ತಾರೆ. ಇದನ್ನು ಎಣಿಸುವವರು ಯಾರು?

ಸಂಡೂರಲ್ಲಿ ಮಂಡಕ್ಕಿ ವಗ್ಗರಣೆ, ಮಿರ್ಚಿ ತಿಂದು ಕುಮಾರಸ್ವಾಮಿ ಬೆಟ್ಟದ ದಾರಿ ಹಿಡಿದೆವು. ಚಾಲುಕ್ಯರ ಕಾಲದ ಪಾರ್ವತಿ ಗುಡಿ ಚೆಂದ, ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ. ನನ್ನ ಕಣ್ಣು ಬಿದ್ದಿದ್ದು ದಾರಿಬದಿಯ ಬಂಡೆಯ ಬಿರುಕಿನ ಮೇಲೆ. ಅಲ್ಲಿ ಒಣಗಿದ ಕಪ್ಪು ಸಿಪ್ಪೆಗಳಂತೆ ಪ್ಲೇಜಿಯೋಕಾಸ್ಮ ಸುರುಳಿ ಸುತ್ತಿಕೊಂಡಿತ್ತು. ಹಳ್ಳದ್ದಕ್ಕೆ ಇದು ದಾಯಾದಿ, ಬಿಸಿಲಿಗೆ ಪಳಗಿದ್ದು. ನೀರಿಲ್ಲದಾಗ ಎರಡೂ ಅಂಚು ಮಡಚಿ, ಕೆಳಗಿನ ಕಪ್ಪು ಹುರುಪೆಗಳನ್ನು ಮೇಲೆ ಮಾಡಿಕೊಂಡು ಕೂರುತ್ತದೆ. ಗೆಳೆಯ ಬಾಟಲಿ ನೀರು ಸುರಿದ. ಸ್ವಲ್ಪ ಹೊತ್ತಿಗೆ ಅಂಚು ಬಿಚ್ಚಿಕೊಂಡು ಹಸಿರು ಕಾಣಿಸಿತು. ಬಸ್ಸಿಗೆ ಟೈಮಾಯ್ತು ಅಂತ ಅವನೇ ಅವಸರ ಮಾಡುತ್ತಿದ್ದವನು, ಇನ್ನೊಂದು ಬಿರುಕಿಗೂ ಸುರಿಯೋಣ ಅಂದ.