ಬೆಟ್ಟ ಮೊದಲು, ಸಫಾರಿ ಆಮೇಲೆ: ಕಿಲಿಮಂಜಾರೊಗೆ ಗುಂಪು ಕರೆದೊಯ್ಯುವ ಕೆಲಸದಲ್ಲಿ ಕಲಿತದ್ದು

ತಾಂಜಾನಿಯಾ ಪ್ರವಾಸದ ಬಗ್ಗೆ ವಿಚಾರಿಸಲು ಫೋನ್ ಮಾಡುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಬೆಟ್ಟ ಹತ್ತುವುದರಲ್ಲಿ ಒಂದು ದಿನ ಉಳಿಸಿ ಅದನ್ನು ಸೆರೆಂಗೆಟಿ ಕಾಡಿನ ಸಫಾರಿಗೆ ಸೇರಿಸಬಹುದಾ? ಸಫಾರಿ ಮೊದಲು ಮುಗಿಸಿಕೊಂಡು ಕಿಲಿಮಂಜಾರೊ ಕೊನೆಗೆ ಇಟ್ಟುಕೊಳ್ಳಬಹುದಾ? ಎರಡಕ್ಕೂ ನಾನು ಆಗಲ್ಲ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಕೆಲವರು ಬೇರೆ ಕಂಪನಿ ನೋಡಿಕೊಳ್ಳುತ್ತಾರೆ. ಆದರೂ ಈ ಕೆಲಸದಲ್ಲಿ ನಾನು ಕಲಿತದ್ದರ ತಿರುಳು ಈ ಎರಡು ‘ಆಗಲ್ಲ’ಗಳಲ್ಲೇ ಇದೆ. ಅದಕ್ಕೇ ಕಾರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಿಂದ ಹೊರಡುವ ಗುಂಪುಗಳ ಜೊತೆ ಹೋಗುವವನು. ಬೆಟ್ಟದ ಮೇಲೆ ಗುಂಪನ್ನು ನಡೆಸುವವನು ನಾನಲ್ಲ. ಕಿಲಿಮಂಜಾರೊ ರಾಷ್ಟ್ರೀಯ ಉದ್ಯಾನದಲ್ಲಿ ಪರವಾನಗಿ ಇರುವ ಸ್ಥಳೀಯ ಗೈಡ್ ಇಲ್ಲದೆ ಯಾರೂ ಹತ್ತುವಂತಿಲ್ಲ, ಅಲ್ಲಿ ಅವರ ಮಾತೇ ಅಂತಿಮ. ಜನರನ್ನು ಮೂರು ತಿಂಗಳು ಮೊದಲಿಂದ ತಯಾರು ಮಾಡುವುದು, ಜೊತೆಗೆ ನಡೆಯುವುದು, ಗೈಡಿಗೂ ನಮ್ಮವರಿಗೂ ನಡುವೆ ಕಿವಿಯಾಗಿ ಇರುವುದು, ಕೆಳಗಿಳಿದ ಮೇಲೆ ಅದೇ ಗುಂಪನ್ನು ಜೀಪಿನಲ್ಲಿ ಕಾಡಿಗೆ ಕರೆದುಕೊಂಡು ಹೋಗುವುದು ನನ್ನ ಪಾಲು.

ಮೊದಲು ಎತ್ತರದ ಮಾತು. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕಿಲಿಮಂಜಾರೊದ ಮಚಾಮೆ ದಾರಿಯ ಗೇಟು ಇರುವುದೇ ಸುಮಾರು 1,800 ಮೀಟರಿನಲ್ಲಿ. ಅಂದರೆ ನಮ್ಮ ಎತ್ತರಗಳೆಲ್ಲ ಮುಗಿಯುವ ಹೊತ್ತಿಗೆ ಅಲ್ಲಿ ನಡಿಗೆ ಶುರುವಾಗುತ್ತದೆ. ತುದಿಯಾದ ಉಹುರು ಶಿಖರ 5,895 ಮೀಟರ್. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರು ಕಾಲಿನ ಶಕ್ತಿ ನಂಬಿಕೊಂಡು ಬರುತ್ತಾರೆ. ಕಾಲು ಚೆನ್ನಾಗಿದ್ದರೆ ಒಳ್ಳೆಯದೇ, ಆದರೆ ಎತ್ತರಕ್ಕೆ ದೇಹ ಒಗ್ಗುವುದಕ್ಕೂ ಕಾಲಿನ ಬಲಕ್ಕೂ ಸಂಬಂಧವಿಲ್ಲ. ಜೋರಾಗಿ ಓಡುವ ಹುಡುಗರೇ 4,000 ಮೀಟರಿನಲ್ಲಿ ತಲೆ ಹಿಡಿದುಕೊಂಡು ಕೂತಿದ್ದನ್ನು, ಐವತ್ತು ದಾಟಿದ ಗೃಹಿಣಿಯೊಬ್ಬರು ನಿಧಾನವಾಗಿ, ಮಾತಾಡುತ್ತಾ ಮುಂದೆ ಹೋದದ್ದನ್ನು ಒಂದೇ ಗುಂಪಿನಲ್ಲಿ ನೋಡಿದ್ದೇನೆ.

ಈ ಬೆಟ್ಟಕ್ಕೆ ಹಗ್ಗ ಬೇಡ, ಹಿಮ ಕಡಿಯುವ ಕೊಡಲಿ ಬೇಡ. ಬರಾಂಕೊ ಗೋಡೆ ಅನ್ನುವ ಒಂದು ಕಡೆ ಕೈ ಊರಿ ಹತ್ತಬೇಕು, ಉಳಿದದ್ದೆಲ್ಲ ನಡಿಗೆ. ನಡೆದರೆ ಸಾಕು ಅನ್ನಿಸುವುದರಿಂದಲೇ ಜನ ದಿನಗಳನ್ನು ಕತ್ತರಿಸಲು ನೋಡುತ್ತಾರೆ.

ಮಚಾಮೆ ದಾರಿಯಲ್ಲಿ ಆರು ದಿನದ್ದು, ಏಳು ದಿನದ್ದು ಎರಡೂ ಇವೆ. ವ್ಯತ್ಯಾಸ ಕಾರಂಗಾ ಎಂಬ ಒಂದು ಕ್ಯಾಂಪಿನದು. ಶಿರಾ ಎಂಬ ಕ್ಯಾಂಪಿನಿಂದ ಲಾವಾ ಟವರ್ ಎಂಬ ಬಂಡೆಯ ತನಕ, ಅಂದರೆ ಸುಮಾರು 4,600 ಮೀಟರಿಗೆ ಹತ್ತಿ, ಅದೇ ದಿನ ಸುಮಾರು 3,900 ಮೀಟರಿನ ಬರಾಂಕೊಗೆ ಇಳಿದು ಮಲಗುತ್ತೇವೆ. ಎತ್ತರ ಮುಟ್ಟಿ ಕೆಳಗೆ ಮಲಗುವುದು ದೇಹಕ್ಕೆ ಪಾಠ ಹೇಳಿಕೊಟ್ಟ ಹಾಗೆ. ಮರುದಿನ ಏಳು ದಿನದವರು ಕಾರಂಗಾದಲ್ಲಿ, ಸುಮಾರು 4,000 ಮೀಟರಿನಲ್ಲಿ, ಮಧ್ಯಾಹ್ನದ ಹೊತ್ತಿಗೆ ತಲುಪಿ ಉಂಡು ಮಲಗುತ್ತಾರೆ. ಆರು ದಿನದವರು ಅಲ್ಲಿ ನಿಲ್ಲದೆ ಅಂದೇ ಬರಾಫು ಕ್ಯಾಂಪಿನ ತನಕ, ಸುಮಾರು 4,670 ಮೀಟರಿಗೆ, ಹೋಗುತ್ತಾರೆ. ಸಂಜೆ ದಣಿದು ತಲುಪಿ, ಒಂದಿಷ್ಟು ಸೂಪು ಕುಡಿದು, ನಿದ್ದೆ ಬರದ ಟೆಂಟಿನಲ್ಲಿ ನಾಲ್ಕು ತಾಸು ಹೊರಳಾಡಿ, ನಡುರಾತ್ರಿ ಶಿಖರಕ್ಕೆ ಹೊರಡುತ್ತಾರೆ. ಸೆರೆಂಗೆಟಿಗೆ ಸೇರಿಸಲು ಜನ ಕೇಳುವ ಆ ‘ಒಂದು ದಿನ’ ಇದೇ. ಇಡೀ ಪ್ರವಾಸದಲ್ಲಿ ಬಿಡಲೇಬಾರದ ದಿನ ಯಾವುದು ಅಂದರೆ ನಾನು ಕಾರಂಗಾ ಅನ್ನುತ್ತೇನೆ. ಅಲ್ಲಿ ನೋಡಲು ಏನೂ ಇಲ್ಲ, ಫೋಟೊಗಳೂ ಚೆನ್ನಾಗಿ ಬರುವುದಿಲ್ಲ. ಬರಾಫುವಿನಲ್ಲಿ ನೀರಿಲ್ಲದ ಕಾರಣ ಪೋರ್ಟರುಗಳು ಕಾರಂಗಾ ಕಣಿವೆಯಿಂದಲೇ ನೀರು ತುಂಬಿಕೊಂಡು ಮೇಲಕ್ಕೆ ಹೊರುವುದನ್ನು ಮಾತ್ರ ಅಲ್ಲಿ ಕೂತು ನೋಡಬೇಕು. ನಾನು ಎಲ್ಲರಿಗೂ ಅದನ್ನು ತೋರಿಸುತ್ತೇನೆ. ಮೇಲೆ ಹೋದಾಗ ಬಾಟಲಿಯ ನೀರು ಚೆಲ್ಲುವ ಕೈ ಆಮೇಲೆ ತಾನಾಗಿ ಹಿಡಿತಕ್ಕೆ ಬರುತ್ತದೆ.

ಪೋರ್ಟರುಗಳ ಮಾತು ಬಂತು, ಎರಡು ಸಾಲು ಹೇಳಿಬಿಡುತ್ತೇನೆ. ಒಬ್ಬ ಚಾರಣಿಗನ ಹಿಂದೆ ಮೂರು ನಾಲ್ಕು ಜನ ಹೊರುವವರಿರುತ್ತಾರೆ. ಅವರು ಹೊರುವ ಸಾಮಾನಿಗೆ 20 ಕಿಲೋ ಮಿತಿ ಇದೆ, ಗೇಟಿನಲ್ಲಿ ತಕ್ಕಡಿಗೆ ಹಾಕಿ ತೂಗುತ್ತಾರೆ. ಅವರ ಕೂಲಿ, ಊಟ, ಬಟ್ಟೆಬರೆಯ ಮೇಲೆ ಕಣ್ಣಿಡಲು ಮೋಶಿ ಊರಿನಲ್ಲಿ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯಿದೆ. ಪ್ರವಾಸ ತೀರಾ ಅಗ್ಗಕ್ಕೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಆ ಹೊರುವವರ ಕಾಲಿನ ಚಪ್ಪಲಿ. ಯಾರ ಜೊತೆಗೇ ಹೋಗಿ, ಹೊರುವವರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿ ಹೋಗಿ.

ಈಗ ಎರಡನೆಯ ‘ಆಗಲ್ಲ’. ಸಫಾರಿ ಯಾಕೆ ಮೊದಲಾಗಬಾರದು? ದೇಹದ ಕಾರಣಗಳು ಸುಲಭವಾಗಿ ಅರ್ಥವಾಗುತ್ತವೆ. ನಾಲ್ಕು ದಿನ ಜೀಪಿನಲ್ಲಿ ಕೂತು, ಧೂಳು ಕುಡಿದು, ಬಫೆಯಲ್ಲಿ ಏನೋ ತಿಂದು ಹೊಟ್ಟೆ ಕೆಡಿಸಿಕೊಂಡು ಬೆಟ್ಟದ ಬುಡಕ್ಕೆ ಬರುವುದು ಒಳ್ಳೆಯ ತಯಾರಿಯಲ್ಲ. ತಗ್ಗಿನ ಪ್ರದೇಶಗಳಲ್ಲಿ ಮಲೇರಿಯಾ ಇದೆ. ಸೊಳ್ಳೆ ಕಚ್ಚಿದ್ದರೆ ಜ್ವರ ಬೆಟ್ಟದ ಮೇಲೆ ಕಾಣಿಸಿಕೊಂಡೀತು, ಆಗ ಅದು ಎತ್ತರದ ಕಾಯಿಲೆಯೋ ಮಲೇರಿಯಾವೋ ಎಂದು ಟೆಂಟಿನಲ್ಲಿ ಕೂತು ತೀರ್ಮಾನಿಸುವುದು ಕಷ್ಟ.

ನನ್ನ ಮಟ್ಟಿಗೆ ದೊಡ್ಡ ಕಾರಣ ಮನಸ್ಸಿನದು. ಬೆಟ್ಟವೇ ಕೊನೆ ಎಂದಾದರೆ ಅಲ್ಲಿಂದ ಹಿಂದಿರುಗಿದವನಿಗೆ ಮುಂದೆ ಉಳಿಯುವುದು ವಿಮಾನ ಮಾತ್ರ. ಸಾಲ ಮಾಡಿ, ರಜೆ ಹೊಂದಿಸಿ, ಆಫೀಸಿನಲ್ಲೆಲ್ಲ ಹೇಳಿ ಬಂದವನು ತಲೆನೋವನ್ನು ಮುಚ್ಚಿಡದೆ ಇನ್ನೇನು ಮಾಡುತ್ತಾನೆ? ಅದೇ ಸಫಾರಿ ಮುಂದಿದ್ದರೆ, ಇಳಿ ಎಂದು ಗೈಡ್ ಹೇಳಿದಾಗ ಆ ಮಾತು ಅಷ್ಟು ಭಾರವಾಗಿ ಬೀಳುವುದಿಲ್ಲ. ಹಿಂದಿರುಗುವುದು ಸುಲಭವಾಗುವ ಹಾಗೆ ಇಡೀ ಪ್ರವಾಸವನ್ನು ಜೋಡಿಸುವುದೇ ನನ್ನ ಕೆಲಸ ಎಂದು ಈಗ ನಂಬಿದ್ದೇನೆ. ಶಿಖರ ಮುಟ್ಟಿಸುವುದು ಅದರ ನಂತರದ ಮಾತು.

ಒಂದು ರಾತ್ರಿಯ ವಿಷಯ ಹೇಳಬೇಕು. ಬರಾಫುವಿನಲ್ಲಿ ಹೊರಡುವ ಹೊತ್ತು. ಗೈಡ್ ಒಂದೊಂದು ಟೆಂಟಿಗೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿ, ತಲೆನೋವಿದೆಯಾ, ವಾಂತಿಯಾಯಿತಾ, ತಲೆ ಸುತ್ತುತ್ತಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಹುಬ್ಬಳ್ಳಿ ಕಡೆಯ ಒಬ್ಬರು ಎಲ್ಲದಕ್ಕೂ ‘ನೋ, ಐ ಆಮ್ ಫೈನ್’ ಅಂದರು. ಅವರು ಕೈಗವಸು ಹಾಕಿಕೊಳ್ಳುತ್ತಿದ್ದ ರೀತಿ ನನಗೆ ಸರಿ ಕಾಣಲಿಲ್ಲ. ಎಡಗೈಯದನ್ನು ಬಲಗೈಗೆ ತುರುಕುತ್ತಲೇ ಇದ್ದರು. ಪಕ್ಕದಲ್ಲಿ ಕೂತು ಕನ್ನಡದಲ್ಲಿ, “ಖರೇ ಹೇಳ್ರಿ, ಹೆಂಗೈತಿ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಜಿಯಿಂದ ತಲಿ ಭಾಳ ಸಿಡ್ಯಾಕತ್ತೈತ್ರಿ. ಎರಡು ಸಲ ವಾಂತಿ ಆತು. ಹೇಳಿದ್ರ ಬಿಟ್ಟು ಹೊಕ್ಕೀರಿ ಅಂತ ಸುಮ್ಮನಿದ್ದೆ” ಅಂದರು. ಗೈಡಿಗೆ ಹೇಳಿದೆ. ಅವರನ್ನು ಹೊರಗೆ ಕರೆದು, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳಿದರು. ಮೂರನೇ ಹೆಜ್ಜೆಗೆ ವಾಲಿದರು. ಮಿದುಳಿಗೆ ಬಾವು ಬರುತ್ತಿದೆಯೇ ಎಂದು ತಿಳಿಯಲು ಬೆಟ್ಟದಲ್ಲಿರುವ ಸರಳ ಪರೀಕ್ಷೆ ಅದು. ತಪ್ಪಿದರೆ ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ, ಆಗಲೇ ಇಳಿಯಬೇಕು. ಸಹಾಯಕ ಗೈಡ್ ಮತ್ತು ಒಬ್ಬ ಪೋರ್ಟರ್ ಅವರನ್ನು ಎರಡೂ ಕಡೆ ಹಿಡಿದು ಮಿಲೆನಿಯಮ್ ಕ್ಯಾಂಪಿಗೆ, ಸುಮಾರು 3,800 ಮೀಟರಿಗೆ ಇಳಿಸಿದರು. ಬೆಳಿಗ್ಗೆ ರೇಡಿಯೊದಲ್ಲಿ ಮಾತಾಡಿದಾಗ ತಲೆನೋವು ಇಳಿದಿತ್ತು. ಅವರು ನನ್ನನ್ನು ಕೇಳಿದ ಮೊದಲ ಮಾತು, “ಜೀಪಿನ್ಯಾಗ ನನ್ನ ಸೀಟ್ ಐತಲ್ರಿ?”

ಅಂದಿನಿಂದ ಪ್ರತಿ ಕ್ಯಾಂಪಿನಲ್ಲೂ ರಾತ್ರಿ ಊಟದ ನಂತರ ಒಬ್ಬೊಬ್ಬರನ್ನೇ, ಗುಂಪಿನ ಎದುರಲ್ಲದೆ, ಅವರವರ ಮನೆಮಾತಿನಲ್ಲಿ ವಿಚಾರಿಸುವುದನ್ನು ಪದ್ಧತಿ ಮಾಡಿಕೊಂಡಿದ್ದೇನೆ. ಕನ್ನಡ, ತೆಲುಗು, ತಮಿಳು ನನಗೆ ಬರುತ್ತದೆ. ಬಾರದ ಭಾಷೆಯವರಿದ್ದರೆ ಗುಂಪಿನಲ್ಲೇ ಒಬ್ಬರನ್ನು ಜೊತೆ ಮಾಡುತ್ತೇನೆ. ಪರಭಾಷೆಯಲ್ಲಿ ಜನ ಮರ್ಯಾದೆಗೆ ಉತ್ತರ ಕೊಡುತ್ತಾರೆ, ತಮ್ಮ ಭಾಷೆಯಲ್ಲಿ ನೋವು ಹೇಳಿಕೊಳ್ಳುತ್ತಾರೆ.

ಬೆಂಗಳೂರಿನ ತಯಾರಿ ಸಭೆಗೂ ಇದರಿಂದ ಒಂದು ಹೊಸ ಭಾಗ ಬಂದಿದೆ. ಮನೆಯವರೊಬ್ಬರು ಜೊತೆಗೆ ಬರಬೇಕು. ಅವರ ಎದುರಿಗೇ ಹೇಳುತ್ತೇನೆ: ಗೈಡ್ ಇಳಿ ಅಂದರೆ ವಾದವಿಲ್ಲ, ಇಳಿದವರ ಜೊತೆ ಯಾರು ಹೋಗುತ್ತಾರೆ, ಮೋಶಿಯಲ್ಲಿ ಎಲ್ಲಿ ಉಳಿಯುತ್ತಾರೆ ಎಲ್ಲ ಈಗಲೇ ಗೊತ್ತು, ಸಫಾರಿಯ ಸೀಟು ಅವರದ್ದೇ. ಎತ್ತರಕ್ಕೆ ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಅವರ ವೈದ್ಯರೇ ಹೇಳಬೇಕು. ಆ ಮಾತ್ರೆ ನುಂಗಿದ್ದೇನೆ, ಇನ್ನೇನೂ ಆಗಲ್ಲ ಎಂಬ ಧೈರ್ಯವನ್ನು ಮಾತ್ರ ಯಾರೂ ತರಬಾರದು.

ಶಿಖರದಿಂದ ಇಳಿಯುವ ದಿನ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ದಿನ. ನಡುರಾತ್ರಿ ಹೊರಟು ಉಹುರು ಮುಟ್ಟಿ, ಅದೇ ದಿನ ಸುಮಾರು 3,100 ಮೀಟರಿನ ಮ್ವೆಕಾ ಕ್ಯಾಂಪಿಗೆ ಇಳಿಯುತ್ತೇವೆ. ಒಂದೇ ದಿನದಲ್ಲಿ ಎರಡೂಮುಕ್ಕಾಲು ಸಾವಿರ ಮೀಟರ್ ಇಳಿತ! ಮಂಡಿ ಊದಿಕೊಳ್ಳುತ್ತದೆ, ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಗೇಟಿಗೆ ಬಂದ ಮರುದಿನವೇ ಜೀಪು ಹತ್ತಿಸಿ ಹಳೆಯ ಜ್ವಾಲಾಮುಖಿಯ ಕುಳಿಯಾದ ಗೊರೊಂಗೊರೊ ದಾಟಿಸಿ ಸೆರೆಂಗೆಟಿಯ ಕಲ್ಲುಮಣ್ಣಿನ ರಸ್ತೆಯಲ್ಲಿ ದಿನವಿಡೀ ಕುಲುಕಿಸಿದರೆ ಯಾರಿಗೂ ಸಿಂಹ ಕಾಣುವುದಿಲ್ಲ, ನಿದ್ದೆ ಬರುತ್ತದೆ. ಅದಕ್ಕೆ ಮೋಶಿಯಲ್ಲಿ ಒಂದು ಖಾಲಿ ದಿನ. ಬಟ್ಟೆ ಒಗೆಸಿಕೊಂಡು, ಚಾಗಾ ಜನರ ಕಾಫಿ ತೋಟದಲ್ಲಿ ಕೂತು ಕಾಫಿ ಕುಡಿದರೆ ಸಾಕು. ಬಾಳೆಯ ನೆರಳಿನ ಆ ತೋಟ ನಮ್ಮ ಚಿಕ್ಕಮಗಳೂರಿನವರಿಗೆ ತವರಿನಂತೆ ಅನ್ನಿಸುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರ. ಟ್ರೆಕ್ಕಿಂಗ್ ಬಟ್ಟೆಗಳು ಹೆಚ್ಚಾಗಿ ಕಪ್ಪು, ಕಡುನೀಲಿ. ಸೆರೆಂಗೆಟಿಯ ತ್ಸೆತ್ಸೆ ನೊಣ ಮುತ್ತುವುದು ಈ ಎರಡು ಬಣ್ಣಗಳಿಗೇ. ಕಚ್ಚಿದರೆ ಬಟ್ಟೆಯ ಮೇಲಿಂದಲೂ ಸೂಜಿ ಚುಚ್ಚಿದಂತಾಗುತ್ತದೆ, ನಿದ್ರಾರೋಗ ಹರಡುವ ಜಾತಿಯದು. ಸಫಾರಿಗೆ ಖಾಕಿ, ಮಣ್ಣುಬಣ್ಣದ ಎರಡು ಜೊತೆ ಬೇರೆಯೇ ತನ್ನಿ ಎನ್ನುತ್ತೇನೆ. ಬೆಟ್ಟದ ಬೆಚ್ಚನೆ ಜಾಕೆಟ್ ಮಾತ್ರ ಕೈಗೆ ಸಿಗುವಂತಿರಲಿ; ಗೊರೊಂಗೊರೊ ಕುಳಿಯ ಅಂಚು ಸುಮಾರು 2,300 ಮೀಟರಿನಲ್ಲಿದೆ, ಬೆಳಗಿನ ಜಾವ ಹಲ್ಲು ಕಟಕಟಿಸುವ ಚಳಿ. ಇನ್ನೊಂದು: 2019ರ ಜೂನ್‌ನಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ಚಟ್ನಿಪುಡಿ ಡಬ್ಬಿಯಲ್ಲಿ ತನ್ನಿ.

ತಿಂಗಳ ಆಯ್ಕೆಯನ್ನೂ ಬೆಟ್ಟವನ್ನೇ ಮುಂದಿಟ್ಟು ಮಾಡುತ್ತೇನೆ. ಮಾರ್ಚ್ ಕೊನೆಯಿಂದ ಮೇ ತನಕ ದೊಡ್ಡ ಮಳೆ, ನವೆಂಬರ್‌ನಲ್ಲಿ ಸಣ್ಣ ಮಳೆ. ಫೆಬ್ರವರಿಯಲ್ಲಿ ಹತ್ತಿದವರಿಗೆ ಇಳಿದ ಕೂಡಲೇ ಸೆರೆಂಗೆಟಿಯ ದಕ್ಷಿಣದ ನ್ದುಟು ಬಯಲಿನಲ್ಲಿ ವೈಲ್ಡ್‌ಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ) ಕರು ಹಾಕುವ ಕಾಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಿಂಡುಗಳು ಉತ್ತರದ ಮಾರಾ ನದಿಯ ಕಡೆ ಇರುತ್ತವೆ. ಅಷ್ಟು ದೂರ ಜೀಪಿನಲ್ಲಿ ಹೋಗಲು ದಿನ ಬೇಕು, ಇಲ್ಲವೇ ಸಣ್ಣ ವಿಮಾನಕ್ಕೆ ದುಡ್ಡು ಬೇಕು. ರಜೆ ಕಡಿಮೆ ಇದ್ದವರಿಗೆ ನಾನು ಫೆಬ್ರವರಿಯನ್ನೇ ಹೇಳುವುದು.

ಜೀಪಿನೊಳಗಿನ ಕೆಲಸ ಯಾರೂ ಕಲಿಸಿಕೊಡದ ಕೆಲಸ. ಒಂದು ಗಾಡಿಯಲ್ಲಿ ಆರು ಜನ. ನಾಲ್ವರು ಶಿಖರ ಮುಟ್ಟಿದವರು, ಇಬ್ಬರು ಮುಟ್ಟದವರು. ಸುಮ್ಮನೆ ಬಿಟ್ಟರೆ ನಾಲ್ಕು ದಿನವೂ ಶಿಖರದ ಹತ್ತಿರದ ಸ್ಟೆಲ್ಲಾ ಪಾಯಿಂಟಿನ ಸೂರ್ಯೋದಯದ ಮಾತೇ ನಡೆಯುತ್ತದೆ, ಆ ಇಬ್ಬರು ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ನಾನು ಶಿಖರದವರನ್ನೆಲ್ಲ ಒಂದೇ ಗಾಡಿಗೆ ತುಂಬುವುದಿಲ್ಲ, ಇಳಿದವರನ್ನೂ ಒಟ್ಟಿಗೆ ಕೂರಿಸುವುದಿಲ್ಲ. ಮೊದಲ ದಿನ ಮುಂದಿನ ಸೀಟು, ಬೈನಾಕ್ಯುಲರ್ ಇಳಿದವರಿಗೆ. ಕಬಿನಿ, ಬಂಡೀಪುರದಲ್ಲಿ ಸಫಾರಿ ಮಾಡಿದವರಿಗೆ ಒಂದು ಹುಲಿ ಕಂಡರೆ ಗೆದ್ದೆವು, ಕಾಣದಿದ್ದರೆ ಸೋತೆವು ಎಂಬ ಲೆಕ್ಕವಿರುತ್ತದೆ. ಸೆರೆಂಗೆಟಿಯ ಬಯಲಿನಲ್ಲಿ ಒಂದೇ ಜಾಗದಲ್ಲಿ ಎಂಜಿನ್ ಆರಿಸಿ ಕೂತು ನೋಡುವುದಕ್ಕೇ ಬೆಲೆ, ಅಲ್ಲಿ ಎಲ್ಲರೂ ಸಮ.

ಬರಾಫುವಿನಿಂದ ಇಳಿಸಿದ ಆ ಹುಬ್ಬಳ್ಳಿಯವರ ಮನೆಯಲ್ಲಿ ದನಕರು ಇದ್ದವು. ನ್ದುಟುವಿನಲ್ಲಿ ನೂರಾರು ವೈಲ್ಡ್‌ಬೀಸ್ಟ್‌ಗಳ ನಡುವೆ ಒಂದನ್ನು ತೋರಿಸಿ, “ಅದು ಈಗ ಈಯ್ತದ ನೋಡ್ರಿ” ಅಂದರು. ಅದು ಮಲಗಿ ಏಳುತ್ತಿದ್ದ ರೀತಿ, ಬಾಲ ಎತ್ತಿದ ರೀತಿ ಅವರಿಗೆ ಗೊತ್ತಿತ್ತು. ಚಾಲಕ ಗಾಡಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕರು ಬಿತ್ತು, ಕೆಲವೇ ನಿಮಿಷದಲ್ಲಿ ನಡುಗುತ್ತಾ ಎದ್ದು ನಿಂತು ತಾಯಿಯ ಹಿಂದೆ ಓಡಿತು. ಸಂಜೆ ಊಟದ ಹೊತ್ತಿಗೆ ಗುಂಪಿನವರೆಲ್ಲ ಅವರ ಸುತ್ತ ಕೂತು, ದನದ ಬಗ್ಗೆ ಕೇಳುತ್ತಿದ್ದರು.

ಗುಂಪು ಮನೆ ಸೇರಿದರೂ ನನ್ನ ಕೆಲಸ ಮುಗಿದಿರುವುದಿಲ್ಲ. ಮಲೇರಿಯಾ ಮಾತ್ರೆಯನ್ನು ಊರಿಗೆ ಬಂದ ಮೇಲೂ ಮುಂದುವರಿಸಬೇಕು: ಅಟೊವಾಕೋನ್-ಪ್ರೊಗ್ವಾನಿಲ್ ಆದರೆ ಏಳು ದಿನ, ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ. ಬಹಳ ಜನ ವಿಮಾನದಿಂದ ಇಳಿದ ದಿನವೇ ನಿಲ್ಲಿಸಿಬಿಡುತ್ತಾರೆ. ಆಮೇಲೆ ಜ್ವರ ಬಂದರೆ ದಣಿವಿರಬೇಕು, ಡೆಂಗಿ ಇರಬೇಕು ಎಂದು ತಾವೇ ತೀರ್ಮಾನಿಸಿ ಕೂರುತ್ತಾರೆ, ಬೆಟ್ಟದಲ್ಲಿ ತಲೆನೋವು ಮುಚ್ಚಿಟ್ಟ ಹಾಗೆಯೇ. ತಾಂಜಾನಿಯಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್ ಮಲೇರಿಯಾ, ತಡಮಾಡಿದರೆ ಜೀವಕ್ಕೇ ಅಪಾಯ. ಹಾಗಾಗಿ ಹಿಂದಿರುಗಿದ ವಾರ ಒಮ್ಮೆ, ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಎಲ್ಲರಿಗೂ, ಅವರ ಮನೆಯವರಿಗೂ ಒಂದೇ ಸಂದೇಶ ಕಳಿಸುತ್ತೇನೆ: ಮೂರು ತಿಂಗಳೊಳಗೆ ಯಾವುದೇ ಜ್ವರ ಬಂದರೂ ಅಂದೇ ವೈದ್ಯರ ಹತ್ತಿರ ಹೋಗಿ, ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಎಂದು ಮೊದಲು ಹೇಳಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ನನಗೆ ಫೋನ್ ಮಾಡಿ.